ದೆವ್ವದ ಮೇಲೆ ಪಿಎಚ್‌.ಡಿ.

ಮಾಳಮಡ್ಡಿಯ ಭಾಗ್ಯಶ್ರೀ ದೆವ್ವದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಪ್ರಬಂಧದ ಹೆಸರು 'ಕನ್ನಡ ಕಥನದಲ್ಲಿ ಅತಿಮಾನುಷ: ಒಂದು ಅಧ್ಯಯನ' ಎಂದಿತ್ತಾದರೂ ಅಷ್ಟುದ್ದ ಹೇಳಲು ಓಣಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ದೆವ್ವದಾಗ ಡಾಕ್ಟರ್ ಆಗಾಕತ್ತಾಳ ಎಂದರೆ ಮುಗಿಯಿತು. ಹೀಗಾಗಿ ಪಕ್ಕದ ಮನೆಯ ಮದೀನಾಬಿ ಒಂದು ಬೆಳಿಗ್ಗೆ ತನ್ನ ತಂಗಿಯ ಸೊಸೆಯನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಆ ಸೊಸೆಗೆ ಎಂಟು ದಿನದಿಂದ ಊಟ ಸೇರುತ್ತಿರಲಿಲ್ಲ.

"ನಾ ಕಥ್ಯಾಗಿನ ದೆವ್ವ ಅಷ್ಟ ನೋಡ್ತೇನ್ರಿ ಚಾಚಿ," ಎಂದಳು ಭಾಗ್ಯಶ್ರೀ.

"ಇದೂ ಒಂದ್ ದೊಡ್ಡ ಕಥಿನ ಐತಿ. ಕುಂತು ಕೇಳು."

ಕುಂತು ಕೇಳಿದಳು. ಹುಡುಗಿ ಒಂದೂವರೆ ತಾಸು ಗಂಡನ ಗುಣಗಾನ ಮಾಡಿ, ಭಾಗ್ಯಶ್ರೀಯ ಅವ್ವ ಈರವ್ವ ಕೊಟ್ಟ ಎರಡು ರೊಟ್ಟಿ ತಿಂದು ಹೋದಳು. ಅಂದಿನಿಂದ ಭಾಗ್ಯಶ್ರೀಯ ಹೆಸರು ಓಣಿಯಲ್ಲೆಲ್ಲ ಹಬ್ಬಿತು. ವಿಶ್ವವಿದ್ಯಾಲಯದಲ್ಲಿ ಮಾತ್ರ ಹಬ್ಬಲಿಲ್ಲ. ಅಲ್ಲಿ ಅವಳದು ಆರನೆಯ ವರ್ಷ. ಮೊದಲ ಮಾರ್ಗದರ್ಶಕರು ನಿವೃತ್ತರಾದರು. ಎರಡನೆಯವರು ದೆವ್ವ ಗಂಭೀರ ವಿಷಯವೇ ಎಂದು ಅನುಮಾನಿಸುವುದರಲ್ಲೇ ಎರಡು ವರ್ಷ ಕಳೆದರು. ಈಗ ನಾಲ್ಕು ಅಧ್ಯಾಯ ಮುಗಿದು ಒಂದು ಉಳಿದಿತ್ತು. ಅದಕ್ಕೆ ಇನ್ನೊಂದು ವರ್ಷ ಬೇಕಿತ್ತು, ಆ ವರ್ಷಕ್ಕೇ ಕಾಕಾ ಅಡ್ಡ ಬಂದಿದ್ದ.

ಕಾಕಾ ಎಂದರೆ ಬಸವಪ್ರಭು, ಅವಳ ಅಪ್ಪನ ತಮ್ಮ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಅಪ್ಪ ತೀರಿಕೊಂಡ ಮೇಲೆ ಈ ಮನೆಯ ದೊಡ್ಡ ಮಾತುಗಳೆಲ್ಲ ಅವನವೇ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಾಗಲಕೋಟೆಯಲ್ಲೊಂದು ಛಲೋ ಮನೆತನ ನೋಡಿದ್ದ. ಅವರದು ಒಂದೇ ಕರಾರು: ಲಗ್ನ ಇದೇ ವರ್ಷ, ಓದು ಇಲ್ಲಿಗೇ ಸಾಕು.

"ಹುಚ್ಚು ಬಿಡೂತನಾ ಮದಿವಿ ಆಗೂದಿಲ್ಲ, ಮದಿವಿ ಆಗೂತನಾ ಹುಚ್ಚು ಬಿಡೂದಿಲ್ಲ," ಎಂದ ಕಾಕಾ. "ರವಿವಾರ ಬರ್ತೇನಿ. ಅಷ್ಟರಾಗ ಹೂಂ ಅನ್ರಿ."

ಈರವ್ವ ಕಸೂತಿ ಹಾಕುತ್ತ ಕೂತಿದ್ದವಳು ತಲೆಯೆತ್ತಲಿಲ್ಲ. ಮೈದುನನ ಎದುರು ಅವ್ವ ಬಾಯಿ ತೆರೆದದ್ದನ್ನು ಭಾಗ್ಯಶ್ರೀ ಒಮ್ಮೆಯೂ ಕಂಡಿರಲಿಲ್ಲ.

ಶನಿವಾರ ಭಾಗ್ಯಶ್ರೀ ತನ್ನದೇ ನಾಲ್ಕನೆಯ ಅಧ್ಯಾಯ ತೆಗೆದು ಓದಿದಳು. 'ದೆವ್ವದ ಬೇಡಿಕೆಗಳು'. ಒಟ್ಟು ಎಂಬತ್ತಮೂರು ಕಥೆಗಳು. ಮನೆಯ ಹೆಣ್ಣು ಹಸಿರು ಸೀರೆ ಕೇಳಿದರೆ ಯಾರೂ ಕೊಡುವುದಿಲ್ಲ. ಅವಳ ಮೈಮೇಲೆ ಬಂದ ದೆವ್ವ ಕೇಳಿದರೆ ಸಂಜೆಯೊಳಗೆ ತಂದು ಉಡಿಸುತ್ತಾರೆ. ಎಂಬತ್ತು ಕಥೆಗಳಲ್ಲಿ ಹೀಗೆಯೇ. ಇದನ್ನು ಬರೆಯಲು ಎರಡು ವರ್ಷ ಹಿಡಿದಿತ್ತು, ಆದರೆ ಇದು ಮನೆಬಳಕೆಗೂ ಬಂದೀತೆಂದು ಅವಳಿಗೆ ಹೊಳೆದಿರಲಿಲ್ಲ. ಮೈಮೇಲೆ ತಂದುಕೊಳ್ಳುವುದೇ ಸೈ ಎಂದು ನಿರ್ಧರಿಸಿದಳು.

ರವಿವಾರ ಮುಂಜಾನೆ ಹನ್ನೊಂದಕ್ಕೆ ಕಾಕಾ ಬಂದು, ಅವಲಕ್ಕಿ ತಿಂದು, ಕೈ ತೊಳೆದು ಕೂತ. ಭಾಗ್ಯಶ್ರೀ ಕೂದಲು ಬಿಚ್ಚಿ ನಡುಮನೆಯಲ್ಲಿ ಕೂತು ತೂಗಾಡತೊಡಗಿದಳು. ಸಕ್ಕರೆ ಕೇಳಲು ಬಂದ ಮದೀನಾಬಿ ಹೊಸ್ತಿಲಲ್ಲೇ ನಿಂತಳು.

"ನನ್ನ ಬೇಡಿಕೆಯನ್ನು ಈಡೇರಿಸದ ಹೊರತು ನಾನು ಈ ದೇಹವನ್ನು ತ್ಯಜಿಸುವುದಿಲ್ಲ," ಎಂದಳು ಭಾಗ್ಯಶ್ರೀ.

ಆರು ವರ್ಷ ಪ್ರಬಂಧ ಬರೆದವಳ ಬಾಯಿ, ಪಾಪ, ಇನ್ನೇನು ಆಡೀತು.

"ಭಾಳ ಓದಿದ ದೆವ್ವ ಐತಿ," ಎಂದಳು ಮದೀನಾಬಿ.

ಕಾಕಾ ಗಾಬರಿಯಾಗಲಿಲ್ಲ. ಇಂಥ ಹೊತ್ತಿನಲ್ಲಿ ಮನೆಯ ಹಿರಿಯ ಏನು ಕೇಳಬೇಕೆಂದು ಅವನಿಗೆ ಗೊತ್ತಿತ್ತು. "ಯಾರ ನೀ? ಏನ್ ಬೇಕು?"

"ಈಕೆಯ ಅಧ್ಯಯನಕ್ಕೆ ಇನ್ನೊಂದು ವರ್ಷದ ಅವಕಾಶ."

"ಅದಿರ್ಲಿ. ಮೊದಲ ಹೆಸರ ಹೇಳು."

ಹೆಸರು. ಅದೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದು ತಾನು ಹುಟ್ಟುವ ಮೊದಲೇ ತೀರಿಹೋದ ಅಜ್ಜಿಯ ಹೆಸರು. "ಶೇವಂತೆವ್ವ," ಎಂದಳು.

ಕಾಕಾ ನಕ್ಕೇಬಿಟ್ಟ. "ನಮ್ಮವ್ವ ಲಿಂಗೈಕ್ಯ ಆಗ್ಯಾಳ. ಸ್ವಾಮಿಗೋಳು ಬಂದು ತಲಿಮ್ಯಾಲೆ ಪಾದ ಇಟ್ಟು, ವಿಭೂತಿ ಹಚ್ಚಿ ಕಳಿಸ್ಯಾರ. ಲಿಂಗದಾಗ ಕೂಡಿದವ್ರು ಹೋಗಿ ಬಂದು ಮಾಡಾಕ ಅದೇನ್ ಬಸ್ ಸ್ಟ್ಯಾಂಡೇನು? ನಮ್ಮ ಮಂದ್ಯಾಗ ದೆವ್ವ ಆಗೂ ಪದ್ಧತಿನ ಇಲ್ಲ. ಆರು ವರ್ಷ ಇದನ್ನ ಓದಿ ಇಷ್ಟೂ ತಿಳೀಲಿಲ್ಲೇನು ನಿನಗ? ಏಳು, ತಲಿ ಬಾಚ್ಕೋ."

ಮಾತು ಸರಿಯಾಗಿತ್ತು. ಇಬ್ಬರು ಮಾರ್ಗದರ್ಶಕರೂ ಹಿಡಿಯದ ತಪ್ಪನ್ನು ಹತ್ತಿ ವ್ಯಾಪಾರಿ ಹಿಡಿದಿದ್ದ. ಭಾಗ್ಯಶ್ರೀಗೆ ನಾಚಿಕೆಯಿಂದ ಸಾಯುವಂತಾಯಿತು. ಆ ಒಂದು ವರ್ಷ ಕೈಬಿಟ್ಟು ಹೋಯಿತು, ಜೊತೆಗೆ ಮಾನವೂ. ಏಳಲೆಂದು ನೆಲಕ್ಕೆ ಕೈಯೂರಿದಳು.

"ತಡೀಪಾ ಪ್ರಭು," ಎಂದಳು ಈರವ್ವ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬಂದು, ಮಗಳ ಎದುರು ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಅತ್ತ್ಯಾರು ಬಂದಾರ. ನನಗ ಅವರ ಕೂಡ ಮಾತಾಡೂದೈತಿ."

"ವೈನಿ, ಆಕಿ ನಾಟಕ ಮಾಡಾಕತ್ತಾಳ."

"ತಡಿ ಅಂದೆ."

ಕಾಕಾ ಹಿಂದಕ್ಕೆ ಸರಿದು ಕೂತ.

"ಅತ್ತ್ಯಾರ," ಎಂದಳು ಈರವ್ವ, "ನಾ ಈ ಮನಿಗೆ ಸೊಸಿ ಆಗಿ ಬಂದಾಗ ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಒಂದ ವಾರ ಇತ್ತು. ಬರದ ಬರ್ತೇನ್ರಿ ಅಂತ ನಿಮ್ಮ ಕಾಲ ಹಿಡದೆ. ನೀವು ಹಾಲ್ ಟಿಕೇಟ ಒಯ್ದು ಒಲಿಗೆ ಹಾಕಿದ್ರಿ. ನೀವ್ ಇರೂತನಾ ಕೇಳಾಕ ನನಗ ಧೈರ್ಯ ಸಾಲಲಿಲ್ಲ. ನೀವ್ ಹ್ವಾದ ಮ್ಯಾಲೆ ಯಾರನ್ನ ಕೇಳ್ಲಿ? ಮೂವತ್ತೊಂದು ವರ್ಷ ಆತು. ಈಗ ಬಂದೀರಲ್ಲ, ಹೇಳ್ರಿ. ಯಾಕ ಸುಟ್ರಿ?"

ಭಾಗ್ಯಶ್ರೀಗೆ ಇದಾವುದೂ ಗೊತ್ತಿರಲಿಲ್ಲ. ಈರವ್ವನ ತಲೆಗೆ ಓದು ಹತ್ತಲಿಲ್ಲ ಎಂದೇ ಮನೆಯಲ್ಲಿ ಹೇಳುತ್ತಿದ್ದರು, ಅವಳೂ ಹಾಗೆಯೇ ನಂಬಿದ್ದಳು. ಅವ್ವನ ಮುಖ ನೋಡಿದಳು. ಅವ್ವ ಕಾಯುತ್ತಿದ್ದಳು, ಮಗಳ ಮಾತಿಗಲ್ಲ, ಅತ್ತೆಯ ಮಾತಿಗೆ. ನಾಲ್ಕು ಅಧ್ಯಾಯಗಳಲ್ಲಿ ಒಂದು ಶಬ್ದವೂ ಭಾಗ್ಯಶ್ರೀಯ ನೆರವಿಗೆ ಬರಲಿಲ್ಲ.

"ತಪ್ಪಾತವ್ವ," ಎಂದಳು. "ನನಗ ಓದಾಕ ಬರತಿದ್ದಿಲ್ಲ. ನಿನಗ ಬರತಿತ್ತು. ಅದಕ್ಕ ಸುಟ್ಟೆ."

ಈರವ್ವ ಅತ್ತಳು. ಸದ್ದು ಮಾಡದೆ, ಬಹಳ ಹೊತ್ತು. ಮದೀನಾಬಿ ಸಕ್ಕರೆಯ ಬಟ್ಟಲನ್ನು ನೆಲಕ್ಕಿಟ್ಟು ಒಳಗೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನಾ ಅವತ್ತ ಅಲ್ಲೇ ಇದ್ದೆ ವೈನಿ," ಎಂದ ಕಾಕಾ.

"ಗೊತ್ತೈತಿ."

ಕಾಕಾ ಎದ್ದು ಕಟ್ಟೆಗೆ ಹೋಗಿ, ಚಪ್ಪಲಿ ಮೆಟ್ಟಿ, ಮತ್ತೆ ಕಳಚಿ, ಬಾಗಲಕೋಟೆಗೆ ಫೋನ್ ಹಚ್ಚಿದ. ಅವನ ಮಾತು ಒಳಗೆ ಕೇಳುತ್ತಿತ್ತು.

"ಒಂದ ವರ್ಷ ತಡದ್ರ ತಡೀರಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ರಿ. ಇಲ್ರಿ, ಹುಡುಗಿಗೇನೂ ಆಗಿಲ್ರಿ. ನಮ್ಮವ್ವ ಓದಸ್ರಿ ಅಂದಾಳ. ಹೌದ್ರಿ, ತೀರಿಕೊಂಡು ಮೂವತ್ತು ವರ್ಷ ಆತ್ರಿ. ಏನ್ ಮಾಡೂದ್ರಿ, ಈಗ ಹೇಳ್ಯಾಳ."