ಭಾವನ ದೋಣಿಗೆ ಎರಡು ಬಿದಿರು

ಭಾವ ದೋಣಿ ತೇಲಿಸಿಕೊಂಡು ಖಾಡಿಯ, ಅಂದರೆ ಇಲ್ಲಿಯ ಹಿನ್ನೀರಿನ, ನಡುವಿಗೆ ಹೋದ ಮೇಲೆ ನಾನು ಆ ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ಬಿಚ್ಚಬಾರದಿತ್ತು.

ಇರಿ, ಮೊದಲಿನಿಂದ ಹೇಳುತ್ತೇನೆ.

ಉಡುಪಿ ಕಡೆಯ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಡೊಂಬಿವಲಿಯ ಹೋಟೆಲೊಂದಕ್ಕೆ ಮ್ಯಾನೇಜರ್ ಆಗಿ ಬಂದು ಇನ್ನೂ ವರ್ಷವಾಗಿಲ್ಲ. ಖಾರಘರದ ಐಟಿಯವನೊಬ್ಬ ಮೈಸೂರಿಗೆ ಗಂಟುಮೂಟೆ ಕಟ್ಟಿದಾಗ ಅವನ ಹಳೇ ಕಯಾಕ್ ದೋಣಿ ಕೊಂಡುಬಿಟ್ಟರು. (ಈಜು ಬರುವುದಿಲ್ಲ. ಕಡಲ ತೀರದವರಿಗೆ ಅದೊಂದು ಭಂಡಧೈರ್ಯ.) ಮೊದಲ ದಿನ ದಡದಲ್ಲೇ ಮಗುಚಿತು. ಅಷ್ಟಕ್ಕೆ ಬಿಡುವ ಜನವೇ? ಎರಡು ಬಿದಿರನ್ನು ದೋಣಿಗೆ ಅಡ್ಡ ಕಟ್ಟಿ, ತುದಿಗಳಿಗೆ ಬಾಯಿ ಮುಚ್ಚಿದ ಪಿವಿಸಿ ಪೈಪ್ ಜೋಡಿಸಿದರು. ದೋಣಿ ಯಾವ ಕಡೆ ವಾಲಿದರೂ ಆ ಕಡೆಯ ಪೈಪ್ ತೇಲಿ ಅದನ್ನು ಎತ್ತಿ ಹಿಡಿಯಬೇಕು.

‘ಅವರಿಗೆ ಈಜು ಬರುದಿಲ್ಲ, ನೀನು ಜೊತೆಗೆ ಹೋಗು’ ಎಂದಳು ಅಕ್ಕ. ನನಗೆ ಬರುತ್ತದೆಯೇ? ಆದರೂ ಹೋದೆ.

ಟೆಂಪೋದಲ್ಲಿ ಭಾವನ ಬಾಯಿಗೆ ಬಿಡುವಿರಲಿಲ್ಲ. ‘ಆಸ್ಪತ್ರೆ ಹಿಂದೆ ಒಂದು ಬಿದಿರಿನ ಅಂಗಡಿ ಉಂಟು ಮಾರಾಯ್ತಿ. ಪಾಪದ ಜನ, ಜಾಸ್ತಿ ಮಾತಿಲ್ಲ. ಉಂಚಿ ಕಿತಿ, ಉದ್ದ ಎಷ್ಟು ಅಂತ ಕೇಳಿದ. ನನ್ನಷ್ಟೇ ಅಂತ ತಲೆ ಮುಟ್ಟಿ ತೋರಿಸಿದೆ. ಮತ್ತೆ ಎಂತೆಂತದೋ ಕೇಳಿದ. ಎಲ್ಲದಕ್ಕೂ ಹೋ ಅಂದೆ. ಹಗ್ಗ ಕೊಟ್ಟ, ಈ ಚೀಲವೂ ಕೊಟ್ಟ.’

ಈ ಊರಿಗೆ ಬಂದ ನಾವೆಲ್ಲ ಮೊದಲು ಕಲಿಯುವ ಮರಾಠಿ ಅದೇ ತಾನೇ? ಅರ್ಥವಾಗಲಿ ಬಿಡಲಿ, ಹೋ, ಅಂದರೆ ಹೌದು. (ಹಾಗೆ ಹೋ ಅಂದೇ ನಾನು ಸೊಸೈಟಿಯ ಗಣೇಶೋತ್ಸವ ಕಮಿಟಿಗೆ ಸೇರಿಹೋದವಳು.)

ಚೀಲದಲ್ಲಿ ಹೊಸ ಮಣ್ಣಿನ ಮಡಕೆಯಿತ್ತು. ಮಡಿಚಿದ ಬಿಳಿ ಬಟ್ಟೆ. ತುಳಸಿ ಮಾಲೆ. ಗುಲಾಲಿನ ಪೊಟ್ಟಣ.

ಆ ಅಂಗಡಿಯವನು ಬಿದಿರು ಮಾರುವುದು ಚಟ್ಟಕ್ಕೆ. ಭಾವ ತಮ್ಮದೇ ಅಳತೆ ಕೊಟ್ಟು ಬಂದಿದ್ದರು.

ಕೂಗಿ ಕರೆಯಲೇ? ಗಾಬರಿಯಿಂದ ತಿರುಗಿದರೆ ಮಗುಚಿಕೊಂಡಾರು. ಸುಮ್ಮನಿರಲೇ? ಅಕ್ಕನ ಮುಖ ಕಣ್ಣಿಗೆ ಕಟ್ಟಿತು.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕ ನನ್ನ ಕೈಯಲ್ಲಿದ್ದ ಮಡಕೆಯನ್ನು ನೋಡಿದ. ದೋಣಿಯನ್ನು ನೋಡಿದ. ಎದ್ದು ಚಪ್ಪಲಿ ಕಳಚಿ, ಭಾವನ ಕಡೆಗೆ ಕೈ ಮುಗಿದ.

‘ಕೋಣ್ ಗೇಲಂ?’ ಎಂದ ಮೆಲ್ಲಗೆ. ಯಾರು ಹೋದದ್ದು?

ಏನೆಂದು ಹೇಳಲಿ? ಹೋದವರು ಅಲ್ಲಿ ಹುಟ್ಟು ಹಾಕುತ್ತಿದ್ದಾರೆ ಎನ್ನಲೇ?

ಅಷ್ಟರಲ್ಲಿ ಮರಳು ತುಂಬಿದ ಬಾರ್ಜ್ ಒಂದು ಹಾದುಹೋಯಿತು. ಅದರ ಅಲೆ ನೇರ ಭಾವನತ್ತ ಹೊರಟಿತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ದಡಕ್ಕೆ ಕಟ್ಟಿದ್ದ ದೋಣಿಗಳೆಲ್ಲ ಹೊಯ್ದಾಡುತ್ತಿದ್ದವು. ಭಾವನದು ಮಾತ್ರ ನೆಟ್ಟಗೆ ದಡದತ್ತ ಬರುತ್ತಿತ್ತು. ಹುಟ್ಟು ಅವರ ಮಡಿಲಲ್ಲಿತ್ತು. ಎರಡೂ ಕೈ ಎತ್ತಿ ನನ್ನತ್ತ ಬೀಸುತ್ತಿದ್ದರು.

ಇಳಿದವರ ಮುಖದಲ್ಲಿ ಎಂಥ ಕಳೆ ಅಂತೀರಿ!

‘ಒಂಚೂರು ಅಲುಗಲಿಲ್ಲ ಮಾರಾಯ್ತಿ’ ಎಂದರು, ‘ನಾಲ್ಕು ಜನ ಎತ್ತಿಕೊಂಡು ಹೋದ ಹಾಗೆ ಇತ್ತು.’