ಹೂವು ಬರುವವರೆಗೆ ಹೆಸರಿಲ್ಲ

‘ನನಗೆ ಗೊತ್ತಿಲ್ಲ’ ಎಂದು ನೇರವಾಗಿ ಒಪ್ಪಿಕೊಂಡವರನ್ನು ನೀವು ಎಂದಾದರೂ ಕಂಡಿದ್ದೀರಾ? ನಾನು ಒಬ್ಬರನ್ನು ಕಂಡಿದ್ದೇನೆ.

ಎಪ್ಪತ್ತರ ದಶಕದಲ್ಲಿ ಊಟಿಯ ನಮ್ಮ ಪಕ್ಕದ ಮನೆಯ ಮಾಮನಿಗೆ ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಲ್ಯಾಟಿನ್ ಹೆಸರು ಬರೆಯುವ ಕೆಲಸವಿತ್ತು. ಯಾರು ಎಲೆ ತಂದು ಕೇಳಿದರೂ ಹೆಬ್ಬೆರಳಿನಿಂದ ಸವರಿ ವಾಪಸ್ ಕೊಡುತ್ತಿದ್ದರು.

“ಹೂವು ಬರ್ಲಿ ಕಣಮ್ಮ. ಬರೀ ಎಲೆ ನೋಡಿ ಹೆಸರಿಟ್ರೆ ಮೋಸ ಹೋಗ್ತೀವಿ.”

“ನಿಮ್ಗೆ ಗೊತ್ತಿಲ್ಲ ಅನ್ನಿ ಮಾಮಾ!” ಎಂದು ನಾನು ರೇಗಿಸುತ್ತಿದ್ದೆ.

“ಗೊತ್ತಿಲ್ಲ. ಅದ್ಕೇ ಹೇಳ್ತಿಲ್ಲ.”

ಕೋತಗಿರಿ ಇಳಿಜಾರಿನ ಒಂದು ಕುರಿಂಜಿ ಜಾತಿಯ ಗಿಡದ ಹಾಳೆಯನ್ನು ಮಾತ್ರ ಹೆಸರು ಬರೆಯದೆ ಮನೆಯಲ್ಲೇ ಇಟ್ಟುಕೊಂಡಿದ್ದರು. ಎಷ್ಟೋ ವರ್ಷಕ್ಕೊಮ್ಮೆ ಹೂ ಬಿಡುವ ಗಿಡ ಅದು. ಅದರ ಹೂವನ್ನು ಒಮ್ಮೆ ನೋಡಬೇಕು ಎಂಬುದೇ ಅವರ ಆಸೆ. ಕಡೆಗೂ ಅದು ಹೂ ಬಿಡುವಷ್ಟರಲ್ಲಿ ಅವರ ಕಣ್ಣು ಹೋಗಿತ್ತು.

ನಾನೇ ಹೋಗಿ ಟೊಂಗೆ ತಂದು ಅವರ ಕೈಗಿಟ್ಟೆ. ತುಂಬ ಹೊತ್ತು ಹೂವನ್ನು ಮುಟ್ಟುತ್ತ ಕೂತರು.

“ಒಳಗೆ ಕೇಸರ ಎಷ್ಟಿದೆ ಎಣಿಸಮ್ಮ.”

“ಎರಡು, ಮಾಮಾ.”

ಗಿಡ ಗುರುತಿಸುವ ಪುಸ್ತಕ ತೆಗೆಸಿ ನನ್ನಿಂದ ಓದಿಸಿದರು. ಹೆಸರು ಸಿಕ್ಕಿತು, ಹಾಳೆಯ ಮೇಲೆ ಬರೆದೆ. ‘ಗುರುತಿಸಿದವರು’ ಎಂಬಲ್ಲಿ ಅವರ ಹೆಸರು ಹಾಕಲು ಹೋದಾಗ ತಡೆದರು.

“ಬೇಡಮ್ಮ. ನಾನು ನೋಡ್ಲಿಲ್ಲ. ನೋಡಿದ್ದು ನೀನು, ನಿನ್ನ ಹೆಸರೇ ಹಾಕು.”

ಆ ಹಾಳೆ ಈಗ ನನ್ನ ಹತ್ತಿರವಿದೆ. ಕಾದವರ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಇಂಥವರು ನಿಮ್ಮ ಬದುಕಿನಲ್ಲೂ ಇದ್ದರೆ ಕೆಳಗೆ ಬರೆಯಿರಿ. ನೀವು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ.