ಮಗಳ ಕಾಯಿಲೆಯ ಹೆಸರು

ಮಗಳಿಗೆ ಆಗ ಆರು ವರ್ಷ. ದೇವಲಾಪುರದ ಕಡೆಯ ನಮ್ಮೂರಿನಲ್ಲಿ ಅವಳಷ್ಟು ಬಾಯಿ ಜೋರಿನ ಹುಡುಗಿ ಇನ್ನೊಬ್ಬಳಿರಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಅಂಥವಳು ಆಟಕ್ಕೂ ಹೋಗದೆ ಜಗಲಿಯಲ್ಲಿ ಮಂಕಾಗಿ ಮಲಗತೊಡಗಿದಳು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ತೊಡೆ, ತೋಳುಗಳಲ್ಲಿ ನೀಲಿ ಕಲೆಗಳೆದ್ದವು. ಎಲ್ಲೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಸ್ನಾನ ಮಾಡಿಸುವಾಗ ಅದನ್ನು ಕಂಡ ಪಕ್ಕದ ಮನೆಯಾಕೆ, "ಅದ್ಯಾಕವ್ವ ಕೂಸ್ಗೆ ಇಂಗೆ ಬಡ್ದಿದ್ದೀಯಾ?" ಅಂದಳು. ನಾನು ಚೊಂಬು ಕೆಳಗಿಟ್ಟು, ಮೊದಲು ಇಲ್ಲಿಂದ ಹೋಗು ಅಂದೆ. ಸಿಟ್ಟು ಶುರುವಾದದ್ದು ಅವತ್ತೇ.

ನಾಗಮಂಗಲದಲ್ಲಿ ತೋರಿಸಿದ ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ಕು ಬರೆದುಕೊಟ್ಟರು. ಆ ಬಾಟಲಿ ಮುಗಿಯುವಷ್ಟರಲ್ಲಿ ಮಗು ಎದ್ದು ನಿಲ್ಲಲಾರದಂತಾಯಿತು. ಒಸಡಿನಿಂದ ರಕ್ತ ಜಿನುಗುತ್ತಿತ್ತು. ಎರಡನೇ ಸಲ ಕರೆದುಕೊಂಡು ಹೋದಾಗ ಅವರೇ ಗಾಬರಿಬಿದ್ದು, ತಕ್ಷಣ ಬೆಂಗಳೂರಿಗೆ ಹೋಗಿ ಅಂದರು. ಬೆಳ್ಳೂರು ಕ್ರಾಸಿನಲ್ಲಿ ಹಾಸನದ ಕಡೆಯಿಂದ ಬರುವ ಬಸ್ಸು ಹಿಡಿದೆವು. ಸೀಟಿರಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಹೆಗಲಿಗೆ ಹಾಕಿಕೊಂಡು ನನ್ನ ಗಂಡ ನಿಂತೇ ಇದ್ದರು.

ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಏನೋ ತೆಗೆದರು. ಫಲಿತಾಂಶ ಬಂದ ದಿನ ಡಾಕ್ಟರು ನನ್ನ ಗಂಡನನ್ನು ಮಾತ್ರ ವರಾಂಡಕ್ಕೆ ಕರೆದರು. ಒಳಗೆ ಬಂದಾಗ ನನ್ನ ಗಂಡನ ಮುಖ ಒದ್ದೆಯಾಗಿತ್ತು. "ರಕ್ತದಲ್ಲಿ ಸೋಂಕಂತೆ. ಸ್ವಲ್ಪ ದಿವ್ಸ ಇರಬೇಕಾಯ್ತದೆ" ಅಂದರು. ನಾನು ನಂಬಿದೆ. ನಂಬಿ, ಮಗಳಿಗೂ ಹಾಗೆಯೇ ಹೇಳಿದೆ.

ನಿಜ ಹೇಳಿದ್ದು ಪಕ್ಕದ ಹಾಸಿಗೆಯ ತಾಯಿ. ಶ್ರೀರಂಗಪಟ್ಟಣದ ಸಾಬರ ಹೆಂಗಸು, ನನಗಿಂತ ಚಿಕ್ಕವಳು. ಗಂಡ ಲಾರಿ ಓಡಿಸುತ್ತಿದ್ದ. ಅವಳ ನಾಲ್ಕು ವರ್ಷದ ಮಗನಿಗೆ ಕೂದಲೆಲ್ಲ ಉದುರಿಹೋಗಿತ್ತು. ಸೋಂಕಿಗೆ ಇಷ್ಟೊಂದು ಔಷಧಿಯಾ ಎಂದು ನಾನು ಕೇಳಿದ್ದಕ್ಕೆ ಅವಳು ನನ್ನನ್ನೇ ನೋಡಿದಳು. "ಅಕ್ಕ, ನಿಮಗೆ ಯಾರೂ ಹೇಳಿಲ್ವಾ? ಇಲ್ಲಿರೋ ಮಕ್ಕಳಿಗೆಲ್ಲ ಬ್ಲಡ್ ಕ್ಯಾನ್ಸರ್ ಅಕ್ಕ."

ನಾನು ಅಳಲಿಲ್ಲ. ಅಳುವುದಕ್ಕೆ ಮುಂಚೆ ಮೈ ಉರಿದುಹೋಯಿತು. ವಾರ್ಡಿನ ಆಯಾಗೆ ಗೊತ್ತು, ಪಕ್ಕದ ಹಾಸಿಗೆಯವರಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಗಂಡನನ್ನು ಕೇಳಿದೆ. "ನೀನು ತಡ್ಕಳಾಕಿಲ್ಲ, ಹೇಳಬೇಡಿ ಅಂತ ಡಾಕ್ಟ್ರು ಅಂದ್ರು ಕಣೆ" ಅಂದರು. ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಯಜಮಾನರಿಗೆ ಎಲ್ಲ ಹೇಳಿದ್ದೀನಮ್ಮ ಎಂದು ಅವರು ಎದ್ದರು. ನಾನು ಬಾಗಿಲಲ್ಲೇ ನಿಂತೆ.

"ಮಾತ್ರೆ ನುಂಗಿಸೋಳು ನಾನು, ವಾಂತಿಗೆ ಬೋಗುಣಿ ಹಿಡಿಯೋಳು ನಾನು. ನನಗೂ ಹೇಳಿ ಸಾರ್."

ಕೆಟ್ಟ ಮನುಷ್ಯರಲ್ಲ ಅವರು. ಕೂತು ಹೇಳಿದರು. ಮಕ್ಕಳಲ್ಲಿ ಈ ಬಗೆಯದು ವಾಸಿಯಾಗುವುದುಂಟು, ಆಗದೇ ಇರುವುದೂ ಉಂಟು. ಚಿಕಿತ್ಸೆ ವರ್ಷಗಟ್ಟಲೆ ನಡೆಯುತ್ತದೆ. ನಡುವೆ ಮಾತ್ರ ನಿಲ್ಲಿಸಬೇಡಿ.

ನಿಲ್ಲಿಸಿ ಎಂದು ಹೇಳಲು ಊರಿನಿಂದ ನಮ್ಮ ಭಾವ ಬಂದರು. ನನ್ನ ಗಂಡನ ಅಣ್ಣ, ಮನೆಯ ಯಜಮಾನಿಕೆಯೆಲ್ಲ ಅವರದೇ. ಹಾಸಿಗೆಯ ಕಾಲ ಬಳಿ ನಿಂತು ತಮ್ಮನಿಗೆ ಹೇಳಿದರು: "ಇದು ಉಳಿಯೋ ಕಾಯಿಲೆ ಅಲ್ಲ ಕಣ್ಲಾ. ಸುಮ್ಕೆ ಯಾಕೆ ಕೂಸ್ನ ಇಂಸೆ ಮಾಡ್ತೀಯಾ? ಊರ್ಗೆ ಕರ್ಕೊಂಡ್ ಬಂದ್ಬುಡು. ನಿಮಗಿನ್ನೂ ವಯಸ್ಸದೆ, ಇನ್ನೊಂದು ಆಯ್ತದೆ. ಇದೂ ಎಣ್ಣು." ನನ್ನ ಗಂಡ ನೆಲ ನೋಡುತ್ತಿದ್ದರು.

ಅಣ್ಣ ತಮ್ಮ ಇಬ್ಬರೂ ಹೊರಗೆ ಹೋದ ಮೇಲೆ ಮಗಳು ಕಣ್ಣು ಬಿಟ್ಟಳು. "ಅವ್ವ, ಇನ್ನೊಂದು ಅಂದ್ರೆ ಯಾವ್ದು?"

ನಾನು ಮೆಟ್ಟಿಲ ಹತ್ತಿರ ಓಡಿ ಭಾವನವರನ್ನು ತಡೆದೆ. ಮದುವೆಯಾದಾಗಿನಿಂದ ಅವರೆದುರು ದನಿಯೆತ್ತಿದವಳಲ್ಲ. "ಭಾವ, ಮಗಳಿಗೆ ಎಲ್ಲ ಕೇಳಿಸ್ತು. ಇನ್ನೊಂದ್ಸಲ ಈ ಮೆಟ್ಲು ಹತ್ತಬೇಡಿ" ಅಂದೆ. ಗಂಡನ ಕಡೆ ತಿರುಗಿ, "ನೀವು ಹೋಗೋದಾದ್ರೆ ಹೋಗಿ. ನಾನೂ ಮಗಳೂ ಬರಾಕಿಲ್ಲ" ಅಂದೆ. ಜನ ನಿಂತು ನೋಡುತ್ತಿದ್ದರು. ನೋಡಲಿ.

ಅವರು ಅಣ್ಣನ ಜೊತೆ ಹೋದರು. ವಾರ ಕಳೆಯುವುದರೊಳಗೆ ಒಬ್ಬರೇ ಬಂದರು, ಕಂಬಳಿ, ಬಟ್ಟೆಯ ಗಂಟು ಹಿಡಿದುಕೊಂಡು. "ಇಲ್ಲೇ ಇರ್ತೀನಿ" ಅಂದರು. ಆ ಕಂಬಳಿಯನ್ನು ಮಗಳಿಗೆ ಹೊದಿಸಿದೆ. ಆದರೆ ಬಹಳ ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮಗಳಿಗೆ ಕಾಯಿಲೆಯ ಹೆಸರು ನಾನೇ ಹೇಳಿದೆ. ಬೆನ್ನಿಗೆ ಸೂಜಿ ಹಾಕಿ ಔಷಧಿ ಬಿಡುತ್ತಾರೆ, ನೋಯುತ್ತದೆ, ಅಲ್ಲಾಡಬಾರದು ಎಂದೂ ಹೇಳಿದೆ. "ಬೈಬೋದಾ?" ಎಂದು ಕೇಳಿದಳು. ಬೈಯಿ ಅಂದೆ. ಮೊದಲ ಸಲ ಏನೂ ತಿಳಿಸದೆ ಅವಳನ್ನು ಮೂವರು ಅದುಮಿ ಹಿಡಿದಿದ್ದರು, ನನ್ನನ್ನು ಹೊರಗೆ ನಿಲ್ಲಿಸಿದ್ದರು. ಈ ಸಲ ನಾನು ಜಗಳವಾಡಿ ಒಳಗೇ ಇದ್ದೆ. ಅವಳು ಮಂಡಿ ಎದೆಗೆ ಒತ್ತಿಕೊಂಡು ಕಲ್ಲಿನಂತೆ ಮಲಗಿದಳು. ಬಾಯಿ ಮಾತ್ರ ನಿಲ್ಲಲಿಲ್ಲ. "ಲೇ ಡಾಕ್ಟ್ರೇ, ನಿನ್ ಕೈ ಸೇದೋಗ. ನಿನ್ ಮನೆ ಆಳಾಗ."

ಸೂಜಿ ತೆಗೆದ ಮೇಲೆ ಅದನ್ನು ಹಾಕಿದ ಎಳೆಯ ಡಾಕ್ಟರು ನನ್ನ ಮೇಲೆ ರೇಗಿದರು. "ಏನಮ್ಮ ಇದು, ಮಗೂಗೆ ಮರ್ಯಾದೆ ಕಲಿಸಿಲ್ವಾ?"

"ಬೈಲಿ ಬುಡಿ ಸಾರ್" ಅಂದೆ. "ಅಲ್ಲಾಡಬೇಡ ಅಂದಿದ್ದೆ, ಅಲ್ಲಾಡಲಿಲ್ಲ. ಬಾಯಿ ಮುಚ್ಚು ಅಂತ ನಾನು ಹೇಳೋದಿಲ್ಲ."

ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ಹುಡುಗ ತೀರಿಕೊಂಡ. ಔಷಧಿಯಿಂದ ಮೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲ, ಒಂದು ಜ್ವರ ಬಂದು ಎರಡೇ ದಿನಕ್ಕೆ ಕರೆದೊಯ್ದಿತು. ಅವನಿಗೂ ಅದೇ ವಾರ್ಡು, ಅದೇ ಸೂಜಿ, ಅದೇ ಡಾಕ್ಟರು. ಅವನ ತಾಯಿ ಒಂದು ದಿನವೂ ಪಕ್ಕ ಬಿಟ್ಟು ಕದಲಿದವಳಲ್ಲ. ನಮ್ಮವಳು ಉಳಿದಳು. ಮೂರು ವರ್ಷ ಬೆಂಗಳೂರಿಗೆ ಅಲೆದ ಮೇಲೆ ಔಷಧಿ ನಿಲ್ಲಿಸಿದರು. ಕೂದಲು ಬಂತು, ಮೊದಲಿಗಿಂತ ಒತ್ತಾಗಿ.

ಊರಿನಲ್ಲಿ ಭಾವ ಎಲ್ಲರೆದುರು, "ನಮ್ಮ ಮನೆದೇವ್ರು ಕೂಸ್ನ ಕಾಪಾಡ್ತು" ಎನ್ನುತ್ತಿದ್ದರು. ಬಾ ಎಂದು ಕೈಚಾಚಿದರೆ ಮಗಳು ಅವರ ಹತ್ತಿರ ಹೋಗುತ್ತಿರಲಿಲ್ಲ. ದೊಡ್ಡವರು, ಹೋಗು ಎಂದು ಎಲ್ಲರೂ ಗದರುತ್ತಿದ್ದರು. ನಾನು ಗದರಲಿಲ್ಲ. ಹಳೆಯದನ್ನು ಮರೆತುಬಿಡು ಎಂದು ನನಗೂ ಬುದ್ಧಿ ಹೇಳಿದರು. ನಾನು ಮರೆಯಲಿಲ್ಲ.

ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಆ ತಾಯಿ ನಮ್ಮನ್ನು ಕೂರಿಸಿ ಟೀ ಕೊಟ್ಟಳು. ಮಗಳ ಜಡೆಯನ್ನು ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ಹೊರಡುವಾಗ ಬಾಗಿಲಲ್ಲಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ಇನ್ನೊಂದ್ಸಲ ಬಂದ್ರೆ ನೀವೊಬ್ರೇ ಬನ್ನಿ. ನನ್ ಕೈಲಿ ನೋಡೋಕಾಗಲ್ಲ."

ಆಯಿತು ಅಂದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಗಳು, "ಅವ್ರಿಗೆ ನನ್ ಮ್ಯಾಲೆ ಸಿಟ್ಟಾ ಅವ್ವ?" ಎಂದಳು. ನಿನ್ನ ಮೇಲಲ್ಲ ಅಂದೆ. "ಮತ್ಯಾರ ಮ್ಯಾಲೆ?" ಎಂದು ಬಿಡದೆ ಕೇಳಿದಳು. ಭಾವನ ಮೇಲೆ ಸಿಟ್ಟು ಮಾಡುವುದು ನನಗೆ ಸುಲಭವಾಗಿತ್ತು. ಆ ಹೆಂಗಸಿಗೆ ಹಾಗೆ ಬೈಯಲು ಒಬ್ಬರೂ ಇರಲಿಲ್ಲ. ನಮ್ಮೂರಿನ ದಾರಿಯ ಪಾಂಡವಪುರದ ಬಸ್ಸು ಹೊರಡುವುದರಲ್ಲಿತ್ತು. ಅವಳ ಕೈ ಹಿಡಿದು ಹತ್ತಿಸಿದೆ.